ಮೇಜಿನ ಕೆಳಗಿನ ಮರ್ಯಾದಸ್ಥರು

ಕೋಲಾರದ ದೊಡ್ಡಪೇಟೆಯಲ್ಲಿ ಗಂಗುಲಪ್ಪನದೊಂದು ಹೆಂಡದಂಗಡಿ ಇತ್ತು ಎಂದರೆ ಅದು ಅರ್ಧ ಮಾತ್ರ ನಿಜ. ಅಂಗಡಿ ಇತ್ತು, ಹೆಂಡವೂ ಇತ್ತು, ಗಂಗುಲಪ್ಪನೂ ಇದ್ದ. ಆದರೆ ಅಂಗಡಿ ಗಂಗುಲಪ್ಪನದಾಗಿರಲಿಲ್ಲ. ಅದು ಅವನ ಮಾವ ರಾಯಲ್ಪಾಡಿನ ಚನ್ನರಾಯಪ್ಪನದು. ಮಾವನಿಗೆ ಮಂಡಿನೋವು ಹತ್ತಿಕೊಂಡು, ಇನ್ನು ಊರಲ್ಲಿ ಮಾವಿನ ತೋಪು ನೋಡಿಕೊಂಡಿರುತ್ತೇನೆಂದು ಹೊರಟಾಗ, ಕಿರಿಮಗಳು ಅಕ್ಕಯಮ್ಮನ ಗಂಡ ಎಂಬ ಒಂದೇ ಯೋಗ್ಯತೆಯ ಮೇಲೆ ಗಂಗುಲಪ್ಪನನ್ನು ಗಡಿಗೆಗಳ ಮುಂದೆ ಕೂರಿಸಿ ಹೋಗಿದ್ದ.

"ನೋಡು ಅಳಿಯಾ, ಯುಗಾದಿ ಆದ್ಮೇಲೆ ಬರ್ತೀನಿ" ಎಂದಿದ್ದ ಬಸ್ಸು ಹತ್ತುವಾಗ. "ಅಂಗಡಿ ತುಂಬಾ ಜನ ಇದ್ರೆ ನಿನ್ನ ಹೆಸರಿಗೇ ಮಾಡ್ಸಿಬಿಡ್ತೀನಿ. ನೊಣ ಹೊಡೀತಾ ಕೂತಿದ್ಯೋ, ಮುಳಬಾಗಿಲು ಅಳಿಯ ಕೇಳ್ತಾವ್ನೆ, ಅವನಿಗೆ ಕೊಡ್ತೀನಿ. ನೀನು ರಾಯಲ್ಪಾಡಿಗೆ ಬಂದು ನಿಮ್ಮತ್ತೆ ಎಮ್ಮೆ ಮೇಯಿಸ್ಕೊಂಡಿರು."

ಮುಳಬಾಗಿಲು ಅಳಿಯನೆಂದರೆ ಹಿರಿಮಗಳು ಶ್ಯಾಮಲಮ್ಮನ ಗಂಡ ಕೋದಂಡರಾಮಪ್ಪ. ಹಣೆಯ ತುಂಬ ನಾಮ, ಕೊರಳಲ್ಲೊಂದು, ಮಣಿಕಟ್ಟಿನಲ್ಲೊಂದು ತುಳಸಿಮಣಿ. ಹೆಂಡವೆಂಬ ಮಾತು ಕಿವಿಗೆ ಬಿದ್ದರೆ ರಾಮ ರಾಮ ಎನ್ನುವ ಜೀವ. ಮಾವನ ಮನೆಯಲ್ಲಿ ಎಣ್ಣೆನೀರು ಹಾಕಿಕೊಳ್ಳುವಾಗಲೂ ಹೆಗಲಿನ ಶಲ್ಯ ತೆಗೆಯದಷ್ಟು ಮರ್ಯಾದಸ್ಥ. ಅಂಗಡಿ ತನ್ನ ಕೈಗೆ ಬಂದರೆ ಗಡಿಗೆಗಳನ್ನು ಒಡೆಸಿ, ನೆಲಕ್ಕೆ ಗೋಮೂತ್ರ ಚಿಮುಕಿಸಿ, ಬೆಲ್ಲದ ಮಂಡಿ ಇಡುತ್ತೇನೆಂದು ಹೇಳಿಕೊಂಡು ತಿರುಗುತ್ತಿದ್ದ.

ಗಂಗುಲಪ್ಪನಿಗೆ ಎಮ್ಮೆಗಳೆಂದರೆ ಭಯ. ಅಕ್ಕಯಮ್ಮನಿಗೆ ಎಮ್ಮೆಗಳ ಭಯವಿರಲಿಲ್ಲ; ಅವಳ ಸಂಕಟ ತನ್ನ ಒಲೆ ಬಿಟ್ಟುಹೋಗಬೇಕಲ್ಲ ಎಂಬುದು. ಅಂಗಡಿಯ ಹಿಂದಿನ ಆ ಒಲೆಯ ಮೇಲೆ ಅವಳು ಮಾಡುತ್ತಿದ್ದ ಕುರಿಕರುಳಿನ ಬೋಟಿ ಗೊಜ್ಜು, ಹುರುಳಿ ಗುಗ್ಗರಿ, ಮೆಣಸು ಹಚ್ಚಿ ಹುರಿದ ಮೀನು, ಇವುಗಳಿಗಾಗಿಯೇ ಜನ ಹುತ್ತೂರಿನಿಂದ ನಡೆದು ಬರುತ್ತಿದ್ದರು. ಹೆಂಡ ಎಲ್ಲ ಕಡೆಯೂ ಸಿಕ್ಕುತ್ತಿತ್ತು, ಅಕ್ಕಯಮ್ಮನ ಕೈ ಎಲ್ಲ ಕಡೆ ಸಿಕ್ಕುತ್ತದೆಯೇ?

ಈ ಅಂಗಡಿಯ ಒಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದಕ್ಕೆ ತಲೆಬುಡ ಸಿಕ್ಕುವುದಿಲ್ಲ. ಒಳಗೆ ಬಂದವರೆಲ್ಲ ಗೋಡೆಗೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ನಾಲ್ಕು ಗೋಡೆಗೂ ಮುಖಗಳು, ನಡುವೆ ಬರೀ ಬೆನ್ನುಗಳು. ಮಾವ ಕೂತಲ್ಲಿಗೆ ಅಳಿಯ ಬರಲಿ, ಮೇಷ್ಟ್ರು ಕೂತಲ್ಲಿಗೆ ಶಿಷ್ಯ ಬರಲಿ, ಯಾರಿಗೂ ಮುಜುಗರವಿಲ್ಲ. ಕಂಡಿದ್ದು ಬೆನ್ನು ತಾನೇ? ಬೆನ್ನನ್ನು ಗುರುತು ಹಿಡಿದು ಮಾತಾಡಿಸುವಂಥ ಅನಾಗರಿಕರು ನಮ್ಮ ಸೀಮೆಯಲ್ಲಿ ಆಗ ಇರಲಿಲ್ಲ. ಬೇಕಾದವರು ಹಿಂದಕ್ಕೆ ಕೈಚಾಚಿದರೆ ಚನ್ನರಾಯಪ್ಪ ಮಣ್ಣಿನ ಕುಡಿಕೆ ತುಂಬಿ ಕೊಡುತ್ತಿದ್ದ. ಹೀಗೆ ಆತ ಒಂದು ಆಯುಷ್ಯವೆಲ್ಲ ಗಿರಾಕಿಗಳ ಮುಖ ನೋಡದೆಯೇ ವ್ಯಾಪಾರ ಮಾಡಿದ್ದ.

ಹಾಗೇ ಬಿಟ್ಟಿದ್ದರೆ ಅಂಗಡಿ ತಾನಾಗಿಯೇ ನಡೆಯುತ್ತಿತ್ತು. ಆದರೆ ಗಂಗುಲಪ್ಪನ ಗ್ರಹಚಾರಕ್ಕೆ ಅವನಿಗೊಬ್ಬ ಗೆಳೆಯನಿದ್ದ. ಹೆಸರು ಮುನಿಶಾಮಿ, ಚಿನ್ನದ ಗಣಿಯ ದೊರೆಗಳ ಕ್ಲಬ್ಬಿನಲ್ಲಿ ಅಡಿಗೆಯವನು. ಒಂದು ದಿನ ಗಂಗುಲಪ್ಪ ಅವನನ್ನು ನೋಡಲು ಹೋದಾಗ ಮುನಿಶಾಮಿ ಅಡಿಗೆಮನೆಯ ಕಿಂಡಿಯೊಂದನ್ನು ತೋರಿಸಿ, "ಬಗ್ಗಿ ನೋಡ್ಲಾ, ದೊರೆಗಳು ಹೆಂಗೆ ಕುಡೀತಾರೆ ಅಂತ" ಎಂದ.

ಗಂಗುಲಪ್ಪ ಮಂಡಿಯೂರಿ, ಕಿಂಡಿಗೆ ಕಣ್ಣಿಟ್ಟು ನೋಡಿದ. ಬಿಳಿ ಬಟ್ಟೆ ಹೊದಿಸಿದ ಮೇಜುಗಳು. ಸುತ್ತ ಕುರ್ಚಿಗಳು. ಕುರ್ಚಿಗಳ ಮೇಲೆ ದೊರೆಗಳು. ಒಬ್ಬರ ಮುಖ ಒಬ್ಬರು ನೋಡುತ್ತ, ಏನೋ ಮಾತಾಡುತ್ತ, ಕೆಂಪಗಿನ ವೈನು ಹೀರುತ್ತಿದ್ದಾರೆ! ಒಬ್ಬರಿಗಾದರೂ ನಾಚಿಕೆ ಇಲ್ಲ!

"ನಮ್ಮವರು ತಲೆ ಮೇಲೆ ಟವೆಲ್ ಹಾಕ್ಕೊಂಡು ಬರೋದು ಯಾಕೆ ಅಂತ ಇವತ್ತು ಗೊತ್ತಾಯ್ತು ಕಣೋ" ಎಂದ ಗಂಗುಲಪ್ಪ, ಎದ್ದು ಮಂಡಿ ಒರೆಸಿಕೊಳ್ಳುತ್ತ. "ನಾವು ಕುರ್ಚಿ ಹಾಕಿಲ್ಲ. ಕುರ್ಚಿ ಇದ್ರೆ ಮರ್ಯಾದೆ ತಾನಾಗೇ ಬರ್ತೈತೆ."

ಮುನಿಶಾಮಿ ದೊರೆಗಳು ಕುಡಿದಿಟ್ಟ ಒಂದು ಖಾಲಿ ಬಾಟಲಿಯನ್ನು ತೊಳೆದು ಕೈಗಿತ್ತು ಕಳಿಸಿದ.

ಊರಿಗೆ ಬಂದವನೇ ಗಂಗುಲಪ್ಪ ಬಡಗಿ ಆಂಜಿನಪ್ಪನನ್ನು ಕರೆಸಿದ. ಆಂಜಿನಪ್ಪ ನೇಗಿಲು, ಗಾಡಿ, ತೊಟ್ಟಿಲು ಮಾಡಿದ್ದನೇ ಹೊರತು ಮೇಜು ಮಾಡಿದವನಲ್ಲ.

"ಎಷ್ಟು ಎತ್ತರ ಇರ್ಬೇಕು ಸ್ವಾಮಿ?"

ಗಂಗುಲಪ್ಪ ಕಣ್ಣು ಮುಚ್ಚಿ ಜ್ಞಾಪಿಸಿಕೊಂಡ. ಕ್ಲಬ್ಬಿನ ಮೇಜು ಅವನ ಎದೆಮಟ್ಟಕ್ಕೆ ಕಂಡಿತ್ತು. ಎದ್ದು ನಿಂತು ಎದೆ ಮುಟ್ಟಿ ತೋರಿಸಿದ. ತಾನು ನೋಡಿದ್ದು ಮಂಡಿಯೂರಿಕೊಂಡು ಎಂಬ ಸಣ್ಣ ಸಂಗತಿ ಅವನ ಜ್ಞಾಪಕಕ್ಕೆ ಬರಲಿಲ್ಲ.

"ಇಷ್ಟೆತ್ತರಾನಾ? ಮೇಲೆ ಕಾಳು ಒಣಗಾಕೋಕಾ?" ಎಂದ ಆಂಜಿನಪ್ಪ.

"ದೊರೆಗಳ ಮೇಜು ಕಣಯ್ಯಾ. ನಿಂಗೇನ್ ಗೊತ್ತು, ಮಾಡು ಸುಮ್ನೆ."

ಆಂಜಿನಪ್ಪ ಮಾಡಿದ. ಒಂದೊಂದು ಮೇಜೂ ಒಂದೊಂದು ಚಪ್ಪರದಂತಿತ್ತು. ಕುರ್ಚಿಗಳನ್ನು ಮಾತ್ರ, ಪಾಪ, ಮನುಷ್ಯರು ಕೂರುವ ಎತ್ತರಕ್ಕೇ ಮಾಡಿದ. ಮೇಜುಗಳಿಗೆ ಹೊದಿಸಲು ಮದುವೆ ಪಂಚೆಗಳನ್ನು ಜೋಡಿಸಿ ಹೊಲಿಸಿದ್ದಾಯಿತು. ಅವು ನಾಲ್ಕೂ ಕಡೆ ನೆಲದವರೆಗೆ ಇಳಿಬಿದ್ದವು. ಖಾಲಿ ಬಾಟಲಿಗೆ ಅಕ್ಕಯಮ್ಮ ಕಪ್ಪು ದ್ರಾಕ್ಷಿ ಕಿವುಚಿ ರಸ ತುಂಬಿ, ಗೂಡಿನಲ್ಲಿಟ್ಟು, ಶುಕ್ರವಾರವಾದ್ದರಿಂದ ಕುಂಕುಮವನ್ನೂ ಇಟ್ಟಳು. ಬಾಗಿಲ ಮೇಲೆ "ಗಂಗುಲಪ್ಪ ವೈನ್ ಹಾಲ್" ಎಂಬ ಬೋರ್ಡು ಏರಿತು.

"ನಿಂಗೇನಾದ್ರೂ ಗಾಳಿ ಮೆಟ್ಕೊಂಡೈತೇನಯ್ಯಾ?" ಎಂದು ಅಕ್ಕಯಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. "ಗೋಡೆ ನೋಡ್ಕೊಂಡು ಕುಡಿಯೋ ಜನಕ್ಕೆ ಗದ್ದಿಗೆ ಮಾಡಿಟ್ಟಿದ್ದೀಯಲ್ಲ!"

"ನೋಡ್ತಿರು, ನಿಮ್ಮಪ್ಪ ಬಂದು ಬಾಯ್ ಮೇಲೆ ಬೆರಳಿಟ್ಕೋತಾನೆ."

ಮೊದಲ ದಿನ ಬಂದವರು ವೇಮಗಲ್ ಪಟೇಲ ರಾಮಚಂದ್ರಪ್ಪನವರು. ಗಂಗುಲಪ್ಪ ಅವರನ್ನು ಕೈಹಿಡಿದು ಕುರ್ಚಿಯ ಮೇಲೆ ಕೂರಿಸಿದ. ಪಟೇಲರ ಗದ್ದ ಸರಿಯಾಗಿ ಮೇಜಿನ ಅಂಚಿಗೆ ಬಂತು. ಕ್ಷೌರಕ್ಕೆ ಕೂತವರಂತೆ ತಲೆಯೊಂದೇ ಕಾಣುತ್ತಿತ್ತು. ಅವರು ಕುಡಿಕೆಯನ್ನು ಹೇಗೆ ಬಾಯಿಗೆ ತರಬೇಕೆಂದು ಯೋಚಿಸುತ್ತಿರುವಾಗ ಎದುರಿನ ಕುರ್ಚಿಗೆ ಇನ್ನೊಂದು ಗದ್ದ ಬಂದು ಕೂತಿತು. ಅದು ಹುತ್ತೂರಿನ ಅವರ ಹೊಸ ಬೀಗರದು. ಮೊನ್ನೆ ತಾನೇ ಸಂಬಂಧ ಕುದುರಿತ್ತು. ನಮ್ಮ ಮನೆಯಲ್ಲಿ ಹೆಂಡ ಮುಟ್ಟುವವರೇ ಇಲ್ಲವೆಂದು ಇಬ್ಬರೂ ದೇವರ ಮುಂದೆ ಹೇಳಿಕೊಂಡಿದ್ದರು.

ಎರಡು ತಲೆಗಳು ಬಿಳಿ ಬಟ್ಟೆಯ ಮೇಲೆ ಒಂದನ್ನೊಂದು ನೋಡಿದವು.

"ಕಾಫಿಗೆ ಬಂದೆ" ಎಂದಿತು ಪಟೇಲರ ತಲೆ.

"ನಾನೂವೆ" ಎಂದಿತು ಬೀಗರ ತಲೆ.

ಆಮೇಲೆ ಪಟೇಲರ ತಲೆ ಮೆಲ್ಲಗೆ ಇಳಿಯತೊಡಗಿತು. ಗದ್ದ ಹೋಯಿತು, ಮೂಗು ಹೋಯಿತು, ಪೇಟವೂ ಹೋಯಿತು. ಬೀಗರು ಪಟೇಲರು ಎದ್ದು ಹೋದರೆಂದೇ ತಿಳಿದು ನಿಟ್ಟುಸಿರು ಬಿಟ್ಟರು. ಅಷ್ಟರಲ್ಲಿ ಬಾಗಿಲಲ್ಲಿ ಇನ್ಯಾರದೋ ಕೆರದ ಸದ್ದಾಯಿತು. ಬೀಗರೂ ಕುರ್ಚಿಯಿಂದ ಜಾರಿ, ಬಟ್ಟೆ ಎತ್ತಿ, ಒಳಗೆ ನುಸುಳಿಬಿಟ್ಟರು.

ಕೆಳಗೆ ಕತ್ತಲು. ನೆಲ ತಣ್ಣಗಿತ್ತು. ಇಬ್ಬರೂ ತಟ್ಟನೆ ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಸಂಬಂಧ ಉಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಬಟ್ಟೆಯ ಅಡಿಯಿಂದ ಎರಡು ಕೈಗಳು, ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ, ಹೊರಬಂದವು. ಎರಡೂ ಹಳೆಯ ಪದ್ಧತಿಯಂತೆ ಕುಡಿಕೆ ಕೇಳುತ್ತಿದ್ದವು.

ಗಂಗುಲಪ್ಪ ಬೆಪ್ಪಾಗಿ ನಿಂತ. ಅಕ್ಕಯಮ್ಮ ಮಾತ್ರ ತಡಮಾಡಲಿಲ್ಲ. ಎರಡು ಕುಡಿಕೆ ತುಂಬಿ, ಎರಡು ತಟ್ಟೆ ಬೋಟಿ ಬಟ್ಟೆಯಡಿಗೆ ತಳ್ಳಿದಳು.

ಮಾರನೆಯ ದಿನ ಪಟೇಲರು ಬಂದು ಕುರ್ಚಿಯ ಕಡೆ ತಿರುಗಿಯೂ ನೋಡದೆ ನೇರ ಕೆಳಗೆ ಹೋದರು. ಇಂಥ ಸುಖದ ಸುದ್ದಿ ಹರಡುವುದಕ್ಕೆ ಎಷ್ಟು ಹೊತ್ತು ಬೇಕು? ಹಳೆಯ ಅಂಗಡಿಯಲ್ಲಿ ಬೀದಿಯಲ್ಲಿ ಹೋಗುವವರಿಗೆ ಬೆನ್ನಾದರೂ ಕಾಣುತ್ತಿತ್ತು; ಇಲ್ಲಿ ಅದೂ ಇಲ್ಲ. ಮೊದಲು ಹೆಂಡದಂಗಡಿಯ ಹತ್ತಿರವೂ ಸುಳಿಯದಿದ್ದ ಮಹಾ ಮರ್ಯಾದಸ್ಥರೂ ಬರತೊಡಗಿದರು. ವೈನ್ ಹಾಲಿನ ಮೇಜುಗಳ ಕೆಳಗೆ ಕಾಲಿಡಲು ಜಾಗವಿಲ್ಲ, ಮೇಜುಗಳ ಮೇಲೆ ಒಂದು ನರಪಿಳ್ಳೆ ಇಲ್ಲ.

ಇದರಿಂದ ತಲೆ ಕೆಟ್ಟಿದ್ದು ಎದುರುಬದಿಯ ಹೂವಿನ ದೊಡ್ಡಗಂಗಮ್ಮನಿಗೆ. ಬೀದಿಯಲ್ಲಿ ಯಾರು ಎಲ್ಲಿಗೆ ಹೋದರು, ಯಾವಾಗ ಬಂದರು ಎಂಬುದು ಅವಳ ಹೊಣೆಯಾಗಿತ್ತು.

"ಅಲ್ಲ ಕಣ್ರೀ, ಹೋಗೋರು ಹೋಗ್ತಾನೇ ಅವ್ರೆ, ಒಳಗೆ ನೋಡಿದ್ರೆ ಬರೀ ಕುರ್ಚಿ! ಸುರಂಗ ಕೊರ್ದವ್ನೆ ಗಂಗುಲಪ್ಪ. ಚಿನ್ನದ ಗಣಿವರೆಗೂ ಹೋಗ್ತೈತಂತೆ!"

ಸುರಂಗದ ಸುದ್ದಿ ಕೇಳಿ ಅಬ್ಕಾರಿ ಜಮಾದಾರರು ಪೇಟ ಬಿಗಿದುಕೊಂಡು ತನಿಖೆಗೆ ಬಂದರು.

"ಎಲ್ಲಯ್ಯಾ ಜನ?" ಎಂದು ಗದರಿದರು.

ಗಿರಾಕಿಗಳ ಮಾನ ಗಂಗುಲಪ್ಪನ ಕೈಯಲ್ಲಿತ್ತು. ಟವೆಲ್ಲಿನಿಂದ ಖಾಲಿ ಕುರ್ಚಿಯೊಂದನ್ನು ಒರೆಸತೊಡಗಿದ. ಜಮಾದಾರರು ಬೆತ್ತದ ತುದಿಯಿಂದ ಒಂದು ಬಟ್ಟೆ ಎತ್ತಿ, ಬಗ್ಗಿ, ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಒಳಗಿನಿಂದ ಬೋಟಿ ಗೊಜ್ಜಿನ ಘಮ ಬಂತು. ಜಮಾದಾರರು ನೆಟ್ಟಗೆ ನಿಂತು, ಬೀದಿಯ ಕಡೆ ಒಮ್ಮೆ ನೋಡಿ, ಪೇಟ ತೆಗೆದು ಕುರ್ಚಿಯ ಮೇಲಿಟ್ಟು, ಕೆಳಗೆ ಹೋದರು.

ಅಂದಿನಿಂದ ಆ ಕುರ್ಚಿ ದಿನಾ ಮಧ್ಯಾಹ್ನ ಪೇಟದ್ದೇ ಆಯಿತು.

ಇಷ್ಟು ಸುಖವಾಗಿರುವಾಗ ಯುಗಾದಿ ಬಂತು, ಹೋಯಿತು. ಮಾರನೆಯ ದಿನ ಮಧ್ಯಾಹ್ನ ಕೋಲೂರಿಕೊಂಡು ಮಾವ ಬಂದು ಬಾಗಿಲಲ್ಲಿ ನಿಂತ.

"ಏಮಯ್ಯಾ ಅಲ್ಲುಡೂ, ಬಾಗುನ್ನಾವಾ?" ಎಂದು ತೆಲುಗಿನಲ್ಲೇ ಅಳಿಯನ ಕ್ಷೇಮ ವಿಚಾರಿಸಿದ.

ಆ ದನಿ ಕೇಳಿದ್ದೇ ತಡ, ಮೇಜುಗಳ ಕೆಳಗೆ ಬಾಯಿಗೆ ಹೋಗುತ್ತಿದ್ದ ಕುಡಿಕೆಗಳು ಅಲ್ಲೇ ನಿಂತವು. ಕೆಳಗಿದ್ದವರಿಗೆಲ್ಲ ಚನ್ನರಾಯಪ್ಪನ ದನಿ ಚೆನ್ನಾಗಿ ಗೊತ್ತು. ಹೊರಗೆ ಚಾಚಿದ್ದ ಕೈಗಳು ಸರ್ರನೆ ಒಳಗೆ ಹೋದವು. ಮೂಲೆಯ ಮೇಜಿನಡಿಯಿಂದ ಬೆಳಗ್ಗೆಯಿಂದಲೂ ಬರುತ್ತಿದ್ದ, ಮಣಿಕಟ್ಟಿಗೆ ತುಳಸಿಮಣಿ ಸುತ್ತಿದ ಕೈಯೊಂದು ಎಲ್ಲಕ್ಕಿಂತ ಬೇಗ ಹೋಯಿತು. ತಲೆಗೆ ಟವೆಲ್ ಹೊದ್ದು ಬಂದ ಯಾರೋ ದಾಸಯ್ಯನಿರಬೇಕೆಂದು ಗಂಗುಲಪ್ಪ ಎಣಿಸಿದ್ದ.

ಮಾವ ಒಳಗೆ ಬಂದು ಸುತ್ತ ನೋಡಿದ. ಬಿಳಿ ಮೇಜುಗಳು. ಖಾಲಿ ಕುರ್ಚಿಗಳು. ಒಂದು ಕುರ್ಚಿಯ ಮೇಲೆ ಪೇಟ.

"ಇದೇನು, ಹೆಂಡದಂಗಡೀನೋ, ಮಡಿಬಟ್ಟೆ ಒಣಗಾಕಿರೋದೋ? ಜನ ಎಲ್ಲಿ?"

"ಅವ್ರೆ ಮಾವ... ಬರ್ತಾರೆ ಮಾವ... ನೀವು ಕೂತ್ಕೊಳ್ಳಿ ಮಾವ" ಎಂದು ಗಂಗುಲಪ್ಪ ತೊದಲಿದ. ನಿಜ ಹೇಳಿದರೆ ಗಿರಾಕಿಗಳ ಮಾನ ಹೋಗುತ್ತದೆ. ಹೇಳದಿದ್ದರೆ ಅಂಗಡಿ ಹೋಗುತ್ತದೆ. ಎಮ್ಮೆಗಳು ಅವನ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು.

ಮಾವ ಕಷ್ಟಪಟ್ಟು ಕುರ್ಚಿ ಏರಿ, ಗದ್ದವನ್ನು ಮೇಜಿನ ಮೇಲಿಟ್ಟ. ಏನಾದರೂ ಮಾಡಿ ಮಾವನನ್ನು ಒಲಿಸಿಕೊಳ್ಳಬೇಕೆಂದು ಗಂಗುಲಪ್ಪ ಗೂಡಿನಲ್ಲಿದ್ದ ವೈನಿನ ಬಾಟಲಿಯನ್ನೇ ಇಳಿಸಿ ಲೋಟಕ್ಕೆ ಬಗ್ಗಿಸಿದ. ಶುಕ್ರವಾರ ಶುಕ್ರವಾರ ಕುಂಕುಮ ಕಂಡು, ಬಿಸಿಲಲ್ಲಿ ಕಾದು, ಆ ರಸ ಯಾವ ಅವಸ್ಥೆಗೆ ಹೋಗಿತ್ತೋ ದೇವರೇ ಬಲ್ಲ. ಮಾವ ಒಂದು ಗುಟುಕು ಕುಡಿದ. ಅವನ ಮುಖ ಹುಣಸೆಹಣ್ಣು ಹಿಂಡಿದಂತಾಯಿತು.

"ಇದಕ್ಕೇನಯ್ಯಾ ಜನ ಓಡೋಗಿರೋದು!"

ಅಷ್ಟರಲ್ಲಿ ಅಡಿಗೆಮನೆಯಿಂದ ಅಕ್ಕಯಮ್ಮ, ಅಪ್ಪ ಬಂದದ್ದು ತಿಳಿಯದೆ, ಎರಡು ತಟ್ಟೆ ಬೋಟಿ ಹಿಡಿದು ಬಂದು, ಅಭ್ಯಾಸಬಲದಿಂದ ಬಗ್ಗಿ ಮೇಜಿನಡಿಗೆ ತಳ್ಳಿಬಿಟ್ಟಳು. ತಲೆ ಎತ್ತಿದರೆ ಎದುರಿಗೆ ಅಪ್ಪನ ತಲೆ!

"ಏನೇ ಅದು, ಕೆಳಗಿಟ್ಟಿದ್ದು?"

"ಬೆಕ್ಕಿಗೆ ಅಪ್ಪಾ" ಎಂದಳು ಅಕ್ಕಯಮ್ಮ, ಕಣ್ಣು ಮಿಟುಕಿಸದೆ.

"ಎರಡು ತಟ್ಟೆ ಬೋಟೀನಾ? ಬೆಕ್ಕಿಗೆ?"

"ದೊಡ್ಡ ಬೆಕ್ಕು ಮಾವ" ಎಂದ ಗಂಗುಲಪ್ಪ.

ಮೇಜಿನ ಕೆಳಗಿನಿಂದ ಉದ್ದವಾದ, ತೃಪ್ತಿಯ ತೇಗೊಂದು ಕೇಳಿಬಂತು. ಮಾವ ಬಗ್ಗಿ ಬಟ್ಟೆಯ ಕಡೆ ನೋಡಿ, ಮತ್ತೆ ಅಳಿಯನ ಕಡೆ ನೋಡಿದ.

"ವಯಸ್ಸಾಗೈತೆ ಮಾವ ಬೆಕ್ಕಿಗೆ."

ಮಾವ ತಲೆ ಅಲ್ಲಾಡಿಸಿ ದೊಡ್ಡ ಉಸಿರು ಬಿಟ್ಟ. "ನನ್ನ ಹೊಟ್ಟೆ ಉರೀತೈತೆ ಕಣೋ ಅಳಿಯಾ. ಬೆನ್ನಿಗೆ ಬೆನ್ನು ತಾಗಿ ಕೂರ್ತಿದ್ದ ಜಾಗ ಇದು. ಈಗ ಬೆಕ್ಕಿಗೆ ಬೋಟಿ ಹಾಕ್ಕೊಂಡು ಕೂತಿದ್ದೀರಿ. ಸಾಕು. ಅಂಗಡಿ ಕೋದಂಡರಾಮನಿಗೇ ಕೊಡ್ತೀನಿ. ಇವತ್ತೇ ಮುಚ್ಚಿ, ಬೆಲ್ಲದ ಮಂಡಿ ಇಟ್ಕೊಳ್ಲಿ. ಅವನಿಗೂ ಬಾ ಅಂತ ಹೇಳಿ ಕಳಿಸಿದ್ದೆ. ಬೆಳಗ್ಗೇನೇ ಹೊರಟನಂತೆ, ಎಲ್ಲಿ ಪೂಜೆಗೆ ಕೂತವ್ನೋ ಏನೋ."

ಅಕ್ಕಯಮ್ಮ ಸೆರಗು ಬಾಯಿಗೊತ್ತಿಕೊಂಡಳು. ಅವಳು ಅತ್ತದ್ದನ್ನು ಗಂಗುಲಪ್ಪ ನೋಡಿದ್ದೇ ಇಲ್ಲ. ಕುರ್ಚಿಯ ಹುಚ್ಚು ಹಿಡಿಸಿಕೊಂಡ ತನ್ನನ್ನು ತಾನೇ ಒದ್ದುಕೊಳ್ಳಬೇಕೆನಿಸಿತು ಅವನಿಗೆ. ಆದರೂ ಬಾಯಿ ಬಿಡಲಿಲ್ಲ. ಮೇಜಿನ ಬಟ್ಟೆ ಎತ್ತಿ ತೋರಿಸಿದ್ದರೆ ಮುಗಿಯುತ್ತಿತ್ತು, ಆದರೆ ಎತ್ತಲಿಲ್ಲ. ಗಂಗುಲಪ್ಪ ದಡ್ಡನಿರಬಹುದು, ಚಾಡಿಕೋರನಲ್ಲ.

ಆಗ ಮೇಜುಗಳು ಅಲ್ಲಾಡಿದವು.

ಮೊದಲು ಬಾಗಿಲ ಬಳಿಯ ಮೇಜಿನ ಬಟ್ಟೆ ಎದ್ದಿತು. ಒಂದು ಬೆನ್ನು ಹಿಮ್ಮುಖವಾಗಿ ತೆವಳಿಕೊಂಡು ಹೊರಬಂದು, ಯಾರ ಕಡೆಗೂ ತಿರುಗದೆ, ಅಡ್ಡಡ್ಡಲಾಗಿ ಗೋಡೆಯ ಹತ್ತಿರ ಸರಿದು, ಮುಖವನ್ನು ಗೋಡೆಗೆ ಒತ್ತಿ ನಿಂತಿತು. ಅದರ ಹಿಂದೆ ಇನ್ನೊಂದು. ಪಕ್ಕದ ಮೇಜಿನಿಂದ ಮತ್ತೊಂದು. ಮಾನವೂ ಉಳಿಯಬೇಕು, ಬೋಟಿಯೂ ಉಳಿಯಬೇಕು. ಆ ಮರ್ಯಾದಸ್ಥರು ಅದಕ್ಕೆ ದಾರಿ ಕಂಡುಕೊಂಡಿದ್ದರು. ನೋಡುನೋಡುತ್ತಿದ್ದಂತೆ ನಾಲ್ಕು ಗೋಡೆಗೂ ಬೆನ್ನುಗಳು ಸಾಲುಗಟ್ಟಿದವು.

ಒಂದು ಬೆನ್ನು ಗೋಡೆಗೆ ಹೇಳಿತು: "ಚನ್ನರಾಯಪ್ಪನೋರೇ, ಅಂಗಡಿ ಮುಚ್ಚಬಾರ್ದು."

ಮಾವ ಕುರ್ಚಿಯಿಂದ ಇಳಿದ. ಕೋಲನ್ನೂ ಮರೆತ. ಬಾಯಿ ತೆರೆದುಕೊಂಡು ಒಂದೊಂದು ಬೆನ್ನಿನ ಹತ್ತಿರವೂ ಹೋಗಿ ನೋಡಿದ.

"ಇದು... ಇದು ವೇಮಗಲ್ ಬೆನ್ನಲ್ವಾ! ಇದು ಗೂನು ಬೆನ್ನು, ಎರಡು ಕುಡಿಕೆ ಮೇಲೆ ಹಾಡು ಶುರು ಮಾಡೋದು! ಇದ್ಯಾವುದು ಖಾಕಿ ಬೆನ್ನು, ಹೊಸದಾ?"

"ತನಿಖೆಗೆ ಬಂದಿದ್ದೀನಿ" ಎಂದಿತು ಖಾಕಿ ಬೆನ್ನು.

"ಅಯ್ಯೋ ನನ್ನಪ್ಪಗಳಿರಾ, ಎಲ್ರೂ ಚೆನ್ನಾಗಿದ್ದೀರಾ?" ಮಾವನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಬೆನ್ನುಗಳೆಲ್ಲ ಚೆನ್ನಾಗಿದ್ದೇವೆಂದು ಅಲ್ಲಾಡಿದವು.

ಮೂಲೆಯ ಮೇಜು ಮಾತ್ರ ಹಾಗೇ ಇತ್ತು. ಅದರಡಿಯಲ್ಲಿ ಏನೋ ಗುಸುಗುಸು, ಎಳೆದಾಟ. "ನೀನೂ ನಡಿಯಯ್ಯಾ, ತಿನ್ನೋಕಾದ್ರೆ ಮುಂದೆ!" ಎಂದು ಯಾರೋ ತಳ್ಳಿದರು. ಸೆಕೆಗೆ ಶಲ್ಯ ಕಳಚಿಟ್ಟಿದ್ದ ಬರಿಯ ಬೆನ್ನೊಂದು ಹಿಂದುಹಿಂದಕ್ಕೆ ಬಂತು. ಎಡ ಹೆಗಲ ಮೇಲೆ ಹುಣಸೆಬೀಜದಷ್ಟು ದೊಡ್ಡ ಕಪ್ಪು ಮಚ್ಚೆ.

ಮಾವ ಹೌಹಾರಿದ. "ಮೂಲೆ ಬೆನ್ನು! ಲೇ ಗಂಗುಲಪ್ಪಾ, ನನ್ನ ಮೊಟ್ಟಮೊದಲ್ನೇ ಗಿರಾಕಿ ಕಣೋ ಇದು! ನನ್ನ ಹೆಣ್ಣುಮಕ್ಕಳು ಲಂಗ ಹಾಕ್ಕೋತಿದ್ದಾಗಿಂದ ಈ ಮೂಲೇಲೇ ಕೂರ್ತಿತ್ತು. ಬೋಟಿ ಎರಡೆರಡು ತಟ್ಟೆ ತಿನ್ನೋದು. ಅಪ್ಪಾ ಪುಣ್ಯಾತ್ಮ, ಪದ್ಧತಿ ತಪ್ಪಿದ್ರೆ ತಪ್ಲಿ, ನಿನ್ನ ಮುಖ ಒಂದ್ಸಲ ನೋಡಿಬಿಡ್ತೀನಿ."

"ಬ್ಯಾಡ, ಬ್ಯಾಡ" ಎಂದಿತು ಬೆನ್ನು, ಸಣ್ಣ ದನಿಯಲ್ಲಿ.

ಮಾವ ಭುಜ ಹಿಡಿದು ತಿರುಗಿಸಿಯೇಬಿಟ್ಟ. ಹಣೆಯ ನಾಮ ಬೆವರಿಗೆ ಮೂಗಿನವರೆಗೆ ಇಳಿದಿತ್ತು. ಗದ್ದದಲ್ಲಿ ಗೊಜ್ಜು. ಕೋದಂಡರಾಮಪ್ಪ.

ಕೋದಂಡರಾಮಪ್ಪ ಅಂಗೈಯಿಂದ ಗದ್ದ ಒರೆಸಿಕೊಂಡ.

"ಮಾವ... ಬೆಲ್ಲದ ಮಂಡಿಗೆ ಜಾಗ ಅಳೆಯೋಣಾಂತ ಬಂದೆ."

"ಮೇಜಿನ ಕೆಳಗಾ?"

ಮಾವ ಅವನ ಮುಖವನ್ನು ಬಹಳ ಹೊತ್ತು ನೋಡಿ, ಮತ್ತೆ ಭುಜ ಹಿಡಿದು ಗೋಡೆಯ ಕಡೆಗೇ ತಿರುಗಿಸಿದ.

"ಈ ಬೆನ್ನಿಗೆ ಅಷ್ಟು ವರ್ಷ ಹೆಂಡ ಹೊಯ್ದೆ. ಆ ಮುಖಕ್ಕೆ ಮಗಳನ್ನ ಕೊಟ್ಟೆ. ಎರಡೂ ಒಬ್ನದೇ ಅಂತ ಇವತ್ತು ಗೊತ್ತಾಯ್ತು ನೋಡು. ಬೆನ್ನೇ ವಾಸಿ ಇತ್ತು ಕಣಯ್ಯಾ. ಬೆನ್ನು ಒಂದು ದಿನಾನೂ ಸುಳ್ಳು ಹೇಳಿರಲಿಲ್ಲ."

ಗೋಡೆಗಳ ಕಡೆಯಿಂದ ಕಿಸಕ್ಕೆಂದು ನಗು ಕೇಳಿತು. ಬೆನ್ನುಗಳು ಕುಲುಕಿದವು. ಕೊನೆಗೆ ಮಾವನೂ ನಕ್ಕ, ನಗುತ್ತ ಕೆಮ್ಮಿದ. ಅಕ್ಕಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಭಾವ, ಇನ್ನೊಂದ್ ತಟ್ಟೆ ತರ್ಲಾ?" ಎಂದಳು. ಕೋದಂಡರಾಮಪ್ಪ ತಿರುಗದೆಯೇ, ಬಲು ನಾಚಿಕೆಯಿಂದ, ಹಿಂದಕ್ಕೆ ಕೈಚಾಚಿದ.

"ಸರಿ, ಎಲ್ರೂ ನಿಮ್ಮನಿಮ್ಮ ಜಾಗಕ್ಕೆ ಹೋಗಿ" ಎಂದ ಮಾವ.

ಬೆನ್ನುಗಳು ಒಂದೊಂದಾಗಿ ಬಗ್ಗಿ ಬಿಳಿ ಬಟ್ಟೆಗಳೊಳಗೆ ಮಾಯವಾದವು. ವೈನ್ ಹಾಲ್ ಮತ್ತೆ ಖಾಲಿಯಾಯಿತು. ಎದುರುಬದಿಯಲ್ಲಿ ಹೂಕಟ್ಟುವುದನ್ನು ಬಿಟ್ಟು ಎದ್ದು ನಿಂತಿದ್ದ ದೊಡ್ಡಗಂಗಮ್ಮ, "ನಾ ಹೇಳ್ಲಿಲ್ವಾ ಸುರಂಗ ಅಂತ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಗಂಗುಲಪ್ಪ ಕೈಕಟ್ಟಿಕೊಂಡು ನಿಂತಿದ್ದ. ಕೇಳಬೇಕಾದದ್ದು ಅಂಗಡಿ ಇನ್ನು ಯಾರದೆಂದು, ಆದರೆ ಬಾಯಿಗೆ ಬಂದದ್ದು ಬೇರೆ. "ಮಾವ... ಈ ಕುರ್ಚಿಗಳನ್ನ ತೆಗ್ಸಿಬಿಡ್ತೀನಿ ಮಾವ" ಎಂದ ಕೊನೆಗೆ.

"ಮುಟ್ಟೀಯಾ ಜೋಕೆ! ಮೇಲೆ ಕುರ್ಚಿ ಇರೋದ್ರಿಂದ್ಲೇ ಕೆಳಗೆ ಮರ್ಯಾದೆ ಇರೋದು" ಎಂದ ಮಾವ. ಆಮೇಲೆ ಎತ್ತರದ ಮೇಜನ್ನೊಮ್ಮೆ, ತನ್ನ ಮಂಡಿಯನ್ನೊಮ್ಮೆ ನೋಡಿಕೊಂಡ. ಕೋಲನ್ನು ಕುರ್ಚಿಗೆ ಒರಗಿಸಿದ. ಪಂಚೆ ಎತ್ತಿ ಕಟ್ಟಿ, ಮೇಜಿನ ಕಾಲು ಹಿಡಿದು, ಉಸ್ಸಪ್ಪಾ ಎನ್ನುತ್ತ, ಪಟೇಲರ ಮೇಜಿನ ಕೆಳಗೆ ಇಳಿದ. ಒಳಗೆ "ಸ್ವಲ್ಪ ಸರೀರಿ", "ಬನ್ನಿ ಬನ್ನಿ" ಎಂಬ ಸದ್ದಾಯಿತು.

ಸ್ವಲ್ಪ ಹೊತ್ತಿಗೆ ಬಟ್ಟೆಯ ಅಡಿಯಿಂದ ಸುಕ್ಕುಗಟ್ಟಿದ ಕೈಯೊಂದು ಹೊರಗೆ ಬಂತು. ಗಂಗುಲಪ್ಪ ಕುಡಿಕೆ ತುಂಬಿ ಕೊಟ್ಟ. ಕೈ ಒಳಗೆ ಹೋಯಿತು. ಮತ್ತೆ ಬಂದು ನೆಲವನ್ನು ತಟ್ಟಿತು.

"ಅಳಿಯಾ" ಎಂದಿತು ಒಳಗಿನ ದನಿ, "ನಿನ್ನ ಅಂಗಡೀಲಿ ಮಾವನಿಗೆ ಬೋಟಿ ಹಾಕಲ್ವೇನೋ?"